ನಗು ಮುಗಿಯಿತೆಂದು ಹೇಳುವ ಕೆಲಸ

ಮೂರನೆಯ ಸಾಲಿನಲ್ಲಿ ನಡುದಾರಿಗೆ ಹತ್ತಿದ ಕುರ್ಚಿ ನನ್ನದು. ಯಾವ ಊರಿನ ಯಾವ ಸಭಾಂಗಣವಾದರೂ ಆ ಕುರ್ಚಿ ನನಗೇ ಇಡಬೇಕೆಂದು ಮೊದಲೇ ಹೇಳಿಡುತ್ತಿದ್ದೆವು. ಜನ ಅದನ್ನು ಪ್ರೀತಿ ಎಂದುಕೊಂಡಿದ್ದರು. ಗಂಡನ ಮೇಲೆ ಕಣ್ಣಿಡಲು ಬರುತ್ತಾಳೆ ಎಂದುಕೊಂಡವರೂ ಇದ್ದರು. ಕಣ್ಣಿಡುತ್ತಿದ್ದದ್ದು ನಿಜ, ಆದರೆ ಗಂಡನ ಮೇಲಲ್ಲ, ಜನರ ಮೇಲೆ. ತೊಡೆಯ ಮೇಲೆ ನೋಟುಪುಸ್ತಕ, ಕೈಯಲ್ಲಿ ದಪ್ಪನೆಯ ಬಿಳಿ ಪೆನ್ನು. ಅವರು ಒಂದು ಮಾತು ಹೇಳುತ್ತಾರೆ, ಜನ ನಗುತ್ತಾರೆ. ಆ ನಗು ಏರಿ, ಇಳಿದು, ಪೂರ್ತಿ ನಿಂತಿತೆಂದು ನನಗೆ ಖಾತ್ರಿಯಾದ ಮೇಲೆ ಪೆನ್ನನ್ನು ಗಲ್ಲದವರೆಗೆ ಎತ್ತುತ್ತಿದ್ದೆ. ಅದನ್ನು ನೋಡಿ ಅವರು ಮುಂದಿನ ಮಾತು ಶುರು ಮಾಡುತ್ತಿದ್ದರು. ಏಕೆಂದರೆ ಅವರಿಗೆ ನಗು ಕೇಳಿಸುತ್ತಿರಲಿಲ್ಲ.

ನನ್ನ ಗಂಡನನ್ನು ಜನ ಇಟ್ಟಿಗೆಯಣ್ಣ ಎಂದು ಕರೆಯುತ್ತಾರೆ. ವೇದಿಕೆಯ ಮೇಲೆ ಒಬ್ಬರೇ ನಿಂತು ಒಂದೂವರೆ ಗಂಟೆ ನಗಿಸುವುದು ಅವರ ಕೆಲಸ. ಭಟ್ಟಿಯಿಂದ ಈಗಷ್ಟೇ ಎದ್ದು ಬಂದವರ ಹಾಗೆ ಇಟ್ಟಿಗೆ ಬಣ್ಣದ ಅಂಗಿ ತೊಟ್ಟು, ಹೆಗಲಿಗೆ ಟವಲು ಹಾಕಿಕೊಂಡು, ಮೈಕಿನ ಮುಂದೆ ಸ್ವಲ್ಪ ಸಂಕೋಚದಿಂದ ನಿಲ್ಲುತ್ತಾರೆ. ಆ ಅಂಗಿಯ ಬಣ್ಣ ಬಿಡದಂತೆ ಬೇರೆ ಬಕೆಟ್ಟಿನಲ್ಲಿ ಒಗೆಯುವವಳು ನಾನು. ಮನೆಯಲ್ಲಿ ಅವರು ಕನ್ನಡಕ ಹಾಕುತ್ತಾರೆ, ವೇದಿಕೆಯಲ್ಲಿ ತೆಗೆದಿಡುತ್ತಾರೆ. ಕನ್ನಡಕ ಹಾಕಿದವನು ಇಟ್ಟಿಗೆ ಹೊತ್ತೆ ಅಂದರೆ ಯಾರೂ ನಂಬಲ್ಲ ಎನ್ನುವುದು ಅವರ ವಾದ.

ಇಟ್ಟಿಗೆ ಹೊತ್ತದ್ದು ಸುಳ್ಳಲ್ಲ. ಹದಿನಾರನೆಯ ವಯಸ್ಸಿನಿಂದ ಏಳು ವರ್ಷ ಹೊತ್ತಿದ್ದಾರೆ. ಲಾರಿಯಿಂದ ಇಟ್ಟಿಗೆ ಇಳಿಸುವಾಗ ಆರು ಜನ ಸಾಲಾಗಿ ನಿಂತು ಎರಡೆರಡು ಇಟ್ಟಿಗೆಯನ್ನು ಕೈಯಿಂದ ಕೈಗೆ ಎಸೆಯುತ್ತಾರಂತೆ. ಆ ಸಾಲಿನಲ್ಲಿ ಮಾತಾಡುವವನೊಬ್ಬನಿದ್ದರೆ ಲಾರಿ ಬೇಗ ಖಾಲಿಯಾಗುತ್ತದೆ. ಮಾತಾಡುವವರು ಇವರು. ಒಮ್ಮೆ ಇವರ ಮಾತಿಗೆ ನಕ್ಕು ನಾಲ್ಕನೆಯವನು ಕೈ ಸಡಿಲ ಬಿಟ್ಟ, ಕಾಲಿನ ಹೆಬ್ಬೆರಳು ಜಜ್ಜಿಹೋಯಿತು. ಮೇಸ್ತ್ರಿ ಬಂದು, "ನಗಿಸೋದಾದ್ರೆ ಲಾರಿ ಖಾಲಿ ಆದ್ಮೇಲೆ ನಗ್ಸು" ಎಂದನಂತೆ. ಇದು ನಡೆದ ಸಂಗತಿ. ಅವರು ವೇದಿಕೆಯಲ್ಲಿ ಹೇಳುವುದೆಲ್ಲ ನಡೆದದ್ದಲ್ಲ. ಪ್ರತಿ ಕಾರ್ಯಕ್ರಮದ ಮೊದಲ ಮಾತು ಹೀಗಿರುತ್ತದೆ: "ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೇ ಕ್ಲಾಸಲ್ಲೂ ಇದ್ದೆ, ಸೂರು ಹಾಕೋ ಮುಂಚೆ. ಆ ಗೋಡೆಗೆ ಇಟ್ಟಿಗೆ ಹೊತ್ತಿದ್ದೇ ನಾನು." ನಿಜ ಹೇಳಬೇಕೆಂದರೆ ಅವರು ಹತ್ತನೆಯ ತರಗತಿ ಪಾಸಾಗಿದ್ದಾರೆ, ಗಣಿತದಲ್ಲಿ ಅರವತ್ತೆಂಟು. ನಾನು ಮದುವೆಯಾದ ಹೊಸತರಲ್ಲಿ ಇದನ್ನು ಎತ್ತಿ ಜಗಳವಾಡಿದ್ದೆ. "ನಾಲ್ಕು ಅಂದ್ರೆ ನಗ್ತಾರೆ, ಹತ್ತು ಅಂದ್ರೆ ಮಾರ್ಕ್ಸ್ ಕೇಳ್ತಾರೆ" ಎಂದರು.

ನಾವು ಭೇಟಿಯಾದದ್ದು ಒಂದು ಮುದ್ರಣಾಲಯದಲ್ಲಿ. ಡಿಗ್ರಿ ಮುಗಿಸಿ ನಾನು ಅಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದೆ. ಕರಪತ್ರ ಅಚ್ಚು ಹಾಕಿಸಲು ಇವರು ಬಂದಿದ್ದರು. ಅದರಲ್ಲಿ ಹೆಸರಿನ ಹಿಂದೆ 'ಸುಪ್ರಸಿದ್ಧ' ಎಂದಿತ್ತು.

"ಎಲ್ಲಿ ಸುಪ್ರಸಿದ್ಧರು?" ಎಂದು ಕೇಳಿದೆ. ವ್ಯಂಗ್ಯಕ್ಕಲ್ಲ, ತಿಳಿದುಕೊಳ್ಳಲು.

"ಈ ಕಾಗದ ಹಂಚಿದ ಮೇಲೆ ಆಗ್ತೀನಿ, ಮೇಡಂ. ನೀವು ಬೇಗ ಅಚ್ಚು ಹಾಕಿಸಿದ್ರೆ ಬೇಗ ಆಗ್ತೀನಿ."

ಹತ್ತು ವರ್ಷಕ್ಕೆ ಆ ಮಾತು ನಿಜವಾಯಿತು. ಮೊದಲು ಶಾಲೆಗಳ ಅಂಗಳ, ಆಮೇಲೆ ಬ್ಯಾಂಕು ನೌಕರರ ಕೂಟ, ಆಮೇಲೆ ಟಿಕೆಟ್ ಇಟ್ಟ ಸಭಾಂಗಣ. ನಡುವೆ ನಾನು ಅವರ ಮಾತುಗಳನ್ನು ಬರೆದಿಡುವವಳಾದೆ. ಎಲ್ಲಿ ಒಂದು ಪದ ಹೆಚ್ಚಾಯಿತು, ಎಲ್ಲಿ ನಗು ಬರುವ ಮೊದಲೇ ಮಾತು ಮುಗಿಯಿತು ಎಂದು ಗುರುತು ಹಾಕುತ್ತಿದ್ದೆ. ಹೆಂಡತಿಯ ಮೇಲಿನ ನಗೆಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಬರೆದವು. ಎಲ್ಲಕ್ಕಿಂತ ಹೆಸರಾದದ್ದು ಕುಕ್ಕರಿನದು. "ನನ್ ಹೆಂಡ್ತಿ ಓದಿದೋಳು. ಹೊಸ ಕುಕ್ಕರ್ ತಂದ್ರೆ ಅದರ ಜೊತೆ ಬಂದ ಪುಸ್ತಕ ಓದದೆ ಒಲೆ ಹಚ್ಚಲ್ಲ. ನಾನೂ ಹಂಗೇ ಮಾಡ್ಬೇಕಿತ್ತು. ಏನ್ ಮಾಡ್ಲಿ, ನಮ್ಮಾವ ಹೆಣ್ಣು ಕೊಟ್ರು, ಪುಸ್ತಕ ಕೊಡ್ಲಿಲ್ಲ." ಜನ ನನ್ನ ಕಡೆ ತಿರುಗಿ ನೋಡಿ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಆ ನಗು ಎಷ್ಟು ಹೊತ್ತು ನಿಂತಿತೆಂದು ಬರೆದುಕೊಳ್ಳುತ್ತಿದ್ದೆ.

ಅವರ ಕಿವಿ ಹೋಗುತ್ತಿರುವುದು ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಮೂರು ವರ್ಷದ ಹಿಂದಿನ ಮಾತು. ಮಾತಾಡಿಸಿದರೆ ಬಲಗೆನ್ನೆ ಮುಂದೆ ಮಾಡುತ್ತಿದ್ದರು. ಎಡಗಡೆ ಕೂತು ಏನಾದರೂ ಹೇಳಿದರೆ "ಹೂಂ" ಎನ್ನುತ್ತಿದ್ದರು, ಬೇಡ ಎನ್ನಬೇಕಾದ ಕಡೆಯೂ. ಆಮೇಲೆ ವೇದಿಕೆಯಲ್ಲಿ ಜನ ಇನ್ನೂ ನಗುತ್ತಿರುವಾಗಲೇ ಮುಂದಿನ ಮಾತಿಗೆ ಹಾರತೊಡಗಿದರು. ಆ ಮಾತು ನಗುವಿನಡಿ ಮುಳುಗಿಹೋಗುತ್ತಿತ್ತು. ಒಂದು ಸಂಜೆ ಹನ್ನೆರಡು ಸಲ ಹಾಗಾಯಿತು. ಮನೆಗೆ ಬಂದು ಪುಸ್ತಕ ತೋರಿಸಿದೆ. ಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದರು.

"ಜನ ನಗ್ಲಿಲ್ಲ ಅಂದ್ಕೊಂಡಿದ್ದೆ" ಎಂದರು.

ಕಿವಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಬಲಗಿವಿ ಅರ್ಧ ಉಳಿದಿತ್ತು. ಜೋರು ಶಬ್ದದ ಜಾಗದಲ್ಲಿ ಕೆಲಸವೇ ಎಂದು ಕೇಳಿದಾಗ ನಾನು ವೇದಿಕೆಯ ದೊಡ್ಡ ಸ್ಪೀಕರುಗಳ ವಿಷಯ ಹೇಳಿದೆ. ಡಾಕ್ಟರು ಅದನ್ನೇ ಬರೆದುಕೊಂಡರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಮನೆಯಲ್ಲಿ ಅದು ಸರಿಹೋಯಿತು. ವೇದಿಕೆಯಲ್ಲಿ ಹಾಕಿದರೆ ಫ್ಯಾನು, ಕೆಮ್ಮು, ಕುರ್ಚಿ ಕಿರುಗುಟ್ಟುವ ಸದ್ದು, ನಗು ಎಲ್ಲ ಸೇರಿ ಜಲ್ಲಿ ಸುರಿದ ಹಾಗೆ ಕೇಳುತ್ತದೆ ಎಂದು ತೆಗೆದುಬಿಟ್ಟರು.

ಪೆನ್ನಿನ ಉಪಾಯ ನನ್ನದು. ಯಾರಿಗೂ ಹೇಳುವುದು ಬೇಡ ಎಂದದ್ದೂ ನಾನೇ. ನಗಿಸುವವನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ? ಕರೆದರೂ ಅಯ್ಯೋ ಪಾಪ ಎಂದು ನಗುತ್ತಾರೆ. ಅಂಥ ನಗು ನಗುವಲ್ಲ. ನಮ್ಮ ಕಾರ್ಯಕ್ರಮಗಳನ್ನು ಗೊತ್ತುಮಾಡುವವರೊಬ್ಬರಿದ್ದರು. ಕಂಕುಳಲ್ಲಿ ಸದಾ ಡೈರಿ ಇರುತ್ತಿದ್ದುದರಿಂದ ನಾವಿಬ್ಬರೂ ಅವರನ್ನು ಡೈರಿಯವರು ಎನ್ನುತ್ತಿದ್ದೆವು. ಅವರಿಗೂ ಹೇಳಲಿಲ್ಲ.

ನಾನು ಸ್ವಭಾವತಃ ಹೆದರುವವಳು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತೇನೆ. ಹಾಗಾಗಿ ನಗು ನಿಂತಿತೆಂದು ಅನಿಸಿದ ಮೇಲೂ, ಮೂಲೆಯಲ್ಲಿ ಇನ್ನೊಬ್ಬ ನಗಬಹುದೇನೋ ಎಂದು ಕಾಯುತ್ತಿದ್ದೆ. ಪೆನ್ನು ತಡವಾಗಿ ಏಳುತ್ತಿತ್ತು. ಅವರು ಅಷ್ಟು ಹೊತ್ತು ಸುಮ್ಮನೆ, ಮುಗುಳ್ನಗುತ್ತ ನಿಂತಿರುತ್ತಿದ್ದರು. ಇದರಿಂದ ಆದದ್ದೇನೆಂದರೆ, ಪತ್ರಿಕೆಯವರು ಅವರ ಮೌನವನ್ನು ಹೊಗಳತೊಡಗಿದರು. 'ಮಾತಿಗಿಂತ ಹೆಚ್ಚು ನಗಿಸುವ ವಿರಾಮ' ಎಂದು ಒಬ್ಬರು ಬರೆದರು. ಮೊದಲೆಲ್ಲ ಅವರು ಜನರ ಜೊತೆ ಮಾತಿಗೆ ಮಾತು ಬೆಳೆಸುತ್ತಿದ್ದರು. ಈಗ ಅದನ್ನು ಬಿಟ್ಟಿದ್ದರು, ಬೇರೆ ದಾರಿಯಿರಲಿಲ್ಲ. ಅದನ್ನೂ ಪಕ್ವತೆ ಎಂದರು. ಹೊಸ ನಗೆಗಾರರು ಇವರ ಹಾಗೆ ನಿಂತು ಜನರನ್ನು ದಿಟ್ಟಿಸಲು ಕಲಿತರು. ಟಿವಿಯಲ್ಲಿ ಒಬ್ಬ ಇಪ್ಪತ್ತೆರಡರ ಹುಡುಗ ಹಾಗೆ ನಿಂತದ್ದನ್ನು ನೋಡಿ ನನ್ನ ಗಂಡ, "ಇವನ ಹೆಂಡ್ತಿ ಎಲ್ಲಿ ಕೂತಿದಾಳೆ?" ಎಂದು ಕೇಳಿದರು. ಇಬ್ಬರೂ ಬಹಳ ನಕ್ಕೆವು. ಆಮೇಲೆ ನನಗೆ ಹೆದರಿಕೆಯಾಯಿತು.

ಆ ವರ್ಷ ಡೈರಿಯವರು ಮೂವತ್ತು ಊರುಗಳ ದೊಡ್ಡ ಪ್ರವಾಸ ಗೊತ್ತುಮಾಡಿದ್ದರು. ಅದಕ್ಕೆ ಹತ್ತು ದಿನ ಮುಂಚೆ ಇಟ್ಟಿಗೆ ಕೆಲಸಗಾರರ ಸಂಘದಿಂದ ಪತ್ರ ಬಂತು. ಸಂಘಕ್ಕೆ ಐವತ್ತು ವರ್ಷ. ಇವರು ಕೆಲಸ ಮಾಡಿದ ಅದೇ ಫ್ಯಾಕ್ಟರಿಯ ಗೋದಾಮಿನಲ್ಲಿ, ಮಧ್ಯಾಹ್ನ ಊಟದ ನಂತರ ಒಂದು ಗಂಟೆ ಮಾತಾಡಬೇಕು.

ನನಗೆ ಬೇಡವಿತ್ತು. "ಅಲ್ಲಿ ಲೈಟ್ ಹೆಂಗಿರುತ್ತೋ, ಕುರ್ಚಿ ಹೆಂಗಿರುತ್ತೋ. ಜನ ಎದ್ದು ಓಡಾಡ್ತಾರೆ."

"ನಮ್ಮ ಜನ. ನಾನು ಬಿದ್ರೂ ಎತ್ತುತಾರೆ."

"ಬೀಳೋದೇ ಬೇಡ ಅಂತ ನಾನು ಹೇಳ್ತಿರೋದು."

"ಹದಿನೈದು ವರ್ಷದಿಂದ ಅವರ ಹೆಸರಲ್ಲೇ ಊಟ ಮಾಡ್ತಿದೀನಿ ಕಣೇ. ಒಂದ್ಸಲನೂ ಎದುರಿಗೆ ನಿಂತಿಲ್ಲ."

ಹೋದೆವು.

ಗೋದಾಮು ಉದ್ದಕ್ಕಿತ್ತು, ಮೇಲೆ ತಗಡು. ಒಂದು ಬದಿಯಲ್ಲಿ ಮರದ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಹಿಂಬದಿಯ ದೊಡ್ಡ ಬಾಗಿಲು ತೆರೆದಿದ್ದರಿಂದ ಹಗಲು ಬೆಳಕು ಒಳಗೆ ಬರುತ್ತಿತ್ತು. ಮುನ್ನೂರು ಜನರಿರಬಹುದು. ಕುರ್ಚಿ ಸಾಲದೆ ಹಲವರು ಇಟ್ಟಿಗೆ ಪೇರಿಸಿ ಅದರ ಮೇಲೆ ಕೂತಿದ್ದರು. ನನ್ನ ಕುರ್ಚಿ ಮೂರನೆಯ ಸಾಲಿನಲ್ಲೇ ಇತ್ತು. ಪಕ್ಕದಲ್ಲಿ ಒಬ್ಬ ಮುದುಕಿ. ಸಣ್ಣ ದೇಹ, ನೆಟ್ಟಗಿನ ಬೆನ್ನು, ನೆತ್ತಿಯ ಕೂದಲು ಒಂದು ಬಟ್ಟಲಿನಗಲ ಸವೆದುಹೋಗಿತ್ತು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ನನ್ನ ಅತ್ತೆಯ ಜೊತೆ ಇಪ್ಪತ್ತು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತವರು ಎಂದು ಆಮೇಲೆ ತಿಳಿಯಿತು.

"ನೀನೇನಾ ಪುಸ್ತಕ ಇಲ್ದೆ ಬಂದೋಳು?" ಎಂದು ನನ್ನನ್ನು ಕೇಳಿದರು. ಹೌದೆಂದೆ. "ಕೈಯಲ್ಲೇ ಇಟ್ಕೊಂಡಿದೀಯಲ್ಲ" ಎಂದು ನೋಟುಪುಸ್ತಕದ ಕಡೆ ಗಲ್ಲ ಚಾಚಿ ತೋರಿಸಿದರು.

ಮೊದಲ ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಬೇರೆ ಕಡೆ ಜನ ಮಾತಿನ ಕೊನೆಗೆ ನಗುತ್ತಾರೆ. ಇವರು ಮಾತಿನ ನಡುವೆಯೇ ನಗುತ್ತಿದ್ದರು, ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು, "ಅದು ಹಂಗಲ್ಲ, ಆಮೇಲೆ ಆದದ್ದು" ಎಂದು ತಿದ್ದುತ್ತಿದ್ದರು. ನಾಲ್ಕನೆಯ ಕ್ಲಾಸಿನ ಮಾತು ಬಂದಾಗ ಹಿಂದಿನಿಂದ ಒಬ್ಬ, "ಹತ್ತು ಪಾಸಾದಾಗ ನಮ್ಗೆಲ್ಲ ಟೀ ಕುಡ್ಸಿದ್ದು ಯಾರು?" ಎಂದ. ದೊಡ್ಡ ನಗು ಎದ್ದಿತು. ಜನ ತಮ್ಮ ಮಾತಿಗೇ ನಕ್ಕರೆಂದುಕೊಂಡು ನನ್ನ ಗಂಡ ಮುಗುಳ್ನಕ್ಕರು. ಜನಕ್ಕೆ ಅದು ಒಪ್ಪಿಕೊಂಡ ಹಾಗೆ ಕಂಡಿತು, ಇನ್ನಷ್ಟು ನಕ್ಕರು. ಕೈಯಿಂದ ಜಾರುತ್ತಿದ್ದ ಪೆನ್ನನ್ನು ಸೆರಗಿಗೆ ಒರೆಸಿಕೊಂಡೆ.

ಆಮೇಲೆ ಅವರು ಅಮ್ಮನ ಮಾತಿಗೆ ಬಂದರು.

"ನಮ್ಮವ್ವ ತಲೆ ಮೇಲೆ ಹತ್ತು ಇಟ್ಟಿಗೆ ಇಟ್ಕೊಂಡ್ರೆ ನೆಟ್ಟಗೆ ನಡೀತಿದ್ಲು. ಇಳಿಸಿದ್ರೆ ಓಲಾಡ್ತಿದ್ಲು. ಮನೇಲಿ ನೀರಿನ ಚೊಂಬಾದ್ರೂ ತಲೆ ಮೇಲೆ ಇಟ್ಕೊಂಡು ಓಡಾಡ್ತಿದ್ಲು. ಯಾಕವ್ವ ಅಂದ್ರೆ, ಇಲ್ದಿದ್ರೆ ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಾಗಲ್ಲ ಕಣೋ ಅಂತಿದ್ಲು."

ನಕ್ಕರು. ಹೆಂಗಸರು ಹೆಚ್ಚು ನಕ್ಕರು. ಆ ನಗು ಇಳಿಯುತ್ತಿರುವಾಗ ನನ್ನ ಪಕ್ಕದ ದೊಡ್ಡಕ್ಕ ಎದ್ದು ನಿಂತರು. ದನಿ ಎತ್ತರಿಸಲಿಲ್ಲ, ಆದರೆ ಗೋದಾಮಿನ ಕೊನೆಯವರೆಗೂ ಕೇಳಿತು.

"ಮಗಾ, ನಿಮ್ಮವ್ವ ಹೋದಾಗ ನಮಗ್ಯಾಕೆ ಹೇಳಿ ಕಳಿಸ್ಲಿಲ್ಲ?"

ಎಲ್ಲ ಮಾತೂ ನಿಂತಿತು. ತಗಡಿನ ಮೇಲೆ ಹಕ್ಕಿ ನಡೆಯುವುದೂ ಕೇಳುತ್ತಿತ್ತು.

ನನ್ನ ಗಂಡ ಮುಗುಳ್ನಗುತ್ತ ನಿಂತಿದ್ದರು. ನಗು ಮುಗಿಯಲಿ ಎಂದು ಕಾಯುವಾಗ ಇಟ್ಟುಕೊಳ್ಳುವ ಮುಖ ಅದು. ಅವರು ನೋಡುತ್ತಿದ್ದದ್ದು ನನ್ನ ಪೆನ್ನನ್ನು. ಪಕ್ಕದಲ್ಲಿ ಎದ್ದವರನ್ನು ನೋಡಿರಬಹುದು, ಕನ್ನಡಕವಿಲ್ಲದ ಕಣ್ಣಿಗೆ ಯಾರೋ ಹೊರಗೆ ಹೋಗುತ್ತಿದ್ದಾರೆ ಎನಿಸಿರಬಹುದು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗುರುತು: ನಗು ಮುಗಿಯಿತು, ಮುಂದೆ ಹೋಗಿ. ಯಾರೋ ಏನೋ ಕೇಳಿದ್ದಾರೆ ಎನ್ನಲು ಗುರುತಿರಲಿಲ್ಲ. ಮೂರು ವರ್ಷದಲ್ಲಿ, ಎಲ್ಲವನ್ನೂ ಎರಡೆರಡು ಸಲ ಯೋಚಿಸುವ ನಾನು, ಅದೊಂದನ್ನು ಯೋಚಿಸಿರಲಿಲ್ಲ. ಪೆನ್ನು ಎತ್ತಿದರೆ ಮುಂದಿನ ನಗೆಮಾತಿಗೆ ಹೋಗುತ್ತಾರೆ. ಎತ್ತದಿದ್ದರೆ ಸತ್ತ ತಾಯಿಯ ಬಗ್ಗೆ ಕೇಳಿದ ಪ್ರಶ್ನೆಗೆ ಹೀಗೇ ನಗುತ್ತ ನಿಂತಿರುತ್ತಾರೆ.

ಹಿಂದೆ ಯಾರೋ, "ನಗ್ತಾನಲ್ಲಪ್ಪ" ಎಂದರು.

"ದೊಡ್ಡೋನಾಗ್ಬಿಟ್ಟ" ಎಂದರು ಇನ್ನೊಬ್ಬರು.

ನಾನು ಪೆನ್ನು ಎತ್ತಿದೆ. ಏಕೆ ಎತ್ತಿದೆನೋ ಗೊತ್ತಿಲ್ಲ. ಆ ಮುಗುಳ್ನಗು ಹೋದರೆ ಸಾಕಿತ್ತು.

"ಅದು ಬಿಡಿ" ಎಂದರು ನನ್ನ ಗಂಡ. "ನನ್ ಹೆಂಡ್ತಿ ವಿಷಯಕ್ಕೆ ಬರೋಣ."

ಅಮ್ಮನ ಭಾಗದಿಂದ ಹೆಂಡತಿಯ ಭಾಗಕ್ಕೆ ಹೋಗುವ ಆ ಮಾತು ನಾನೇ ಬರೆದುಕೊಟ್ಟದ್ದು. ಐನೂರು ಸಲವಾದರೂ ಹೇಳಿದ್ದಾರೆ. ದೊಡ್ಡಕ್ಕ ಮೆಲ್ಲಗೆ ಕೂತರು. ಮಡಿಲಲ್ಲಿ ಕೈ ಜೋಡಿಸಿಕೊಂಡರು. ಮೂರು ಸಾಲು ಹಿಂದೆ ಇಬ್ಬರು ಎದ್ದು ಬಾಗಿಲ ಕಡೆ ನಡೆದರು.

ನಾನು ಜನರ ನಡುವೆ ಎದ್ದು ಮಾತಾಡಿದವಳಲ್ಲ. ಕಾಲೇಜಿನಲ್ಲಿ ಹಾಜರಿ ಕರೆದಾಗಲೂ ಕೈಯಷ್ಟೇ ಎತ್ತುತ್ತಿದ್ದೆ. ಎದ್ದು ನಿಂತೆ.

"ಅವರಿಗೆ ಕಿವಿ ಕೇಳಲ್ಲ" ಎಂದೆ.

ಹಿಂದೆ ಯಾರೋ ನಕ್ಕರು. ಅದನ್ನು ಕೇಳಿ ಸುತ್ತಲಿನವರು ನಕ್ಕರು. ಹೆಂಡತಿಯ ವಿಷಯಕ್ಕೆ ಬರೋಣ ಎಂದರು, ಹೆಂಡತಿ ಎದ್ದು ನಿಂತು ಗಂಡನಿಗೆ ಕಿವಿ ಕೇಳಲ್ಲ ಎಂದಳು. ಯಾರಾದರೂ ನಾಟಕವೆಂದೇ ತಿಳಿಯಬೇಕು.

"ನಿಜವಾಗ್ಲೂ. ಮೂರು ವರ್ಷದಿಂದ ಕೇಳಲ್ಲ" ಎಂದೆ.

ನಗು ಹೆಚ್ಚಾಯಿತು. ಒಬ್ಬ ಗಂಡಸು, "ನಮ್ಮನೇಲೂ ಇಪ್ಪತ್ತು ವರ್ಷದಿಂದ ಕೇಳಲ್ಲಮ್ಮ" ಎಂದ.

ನನ್ನ ಗಂಡ ನಾನು ನಿಂತದ್ದನ್ನು ನೋಡಿ ಮಾತು ನಿಲ್ಲಿಸಿದ್ದರು. ಜನರ ಭುಜ ಅಲುಗುತ್ತಿದೆ, ಹಲ್ಲು ಕಾಣುತ್ತಿದೆ, ನನ್ನ ಪೆನ್ನು ಎಲ್ಲೂ ಇಲ್ಲ. ಅದು ಕೈಜಾರಿ ಕುರ್ಚಿಯ ಕೆಳಗೆ ಬಿದ್ದಿತ್ತು. ನನ್ನ ಮುಖ ಹೇಗಿತ್ತೋ. ಅವರು ಹಲಗೆಯ ಮೇಲಿಂದ ಇಳಿದು, ಮೈಕು ಕೈಯಲ್ಲಿ ಹಿಡಿದೇ, ನಡುದಾರಿಯಲ್ಲಿ ನನ್ನ ಹತ್ತಿರ ಬಂದರು. ಮನೆಯಲ್ಲಿ ಮಾಡುವ ಹಾಗೆ ಬಲಗಿವಿಯನ್ನು ನನ್ನ ಬಾಯಿಗೆ ಹತ್ತಿರ ಮಾಡಿ ಬಗ್ಗಿದರು.

ನಾನು ಮೈಕನ್ನು ಮರೆತಿದ್ದೆ. "ಅತ್ತೆ ಹೋದಾಗ ಯಾಕೆ ಹೇಳಿ ಕಳಿಸ್ಲಿಲ್ಲ ಅಂತ ಇವರು ಕೇಳಿದ್ರು ರೀ. ನೀವು ನಗ್ತಾ ನಿಂತಿದ್ರಿ. ನಿಮಗೆ ಕೇಳಲ್ಲ ಅಂತ ನಾನು ಹೇಳಿದ್ರೆ ಯಾರೂ ನಂಬ್ತಿಲ್ಲ. ನಾನು ಪೆನ್ನು ಎತ್ತಬಾರದಿತ್ತು. ನನ್ನ ತಪ್ಪು."

ಪ್ರತಿ ಮಾತೂ ಗೋದಾಮಿನ ನಾಲ್ಕು ಮೂಲೆಯ ಸ್ಪೀಕರುಗಳಿಂದ ಹೊರಬಂತು. ಈ ಸಲ ಯಾರೂ ನಗಲಿಲ್ಲ. ಬಾಗಿಲವರೆಗೆ ಹೋಗಿದ್ದ ಇಬ್ಬರು ಅಲ್ಲೇ ನಿಂತರು.

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನನ್ನ ಪಕ್ಕದವರನ್ನು ನೋಡಿದರು.

"ದೊಡ್ಡಕ್ಕ" ಎಂದರು. "ಫೋನ್ ಇದ್ದೋರಿಗೆಲ್ಲ ಫೋನ್ ಮಾಡಿದ್ವಿ. ನಿಮ್ಮ ಹತ್ರ ನಡ್ಕೊಂಡು ಬರ್ಬೇಕಿತ್ತು. ಬರ್ಲಿಲ್ಲ. ಅದಕ್ಕೆ ಕಿವಿ ಕಾರಣ ಅಲ್ಲ."

ಮುದುಕಿ ಎದ್ದು ಅವರ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು, ಮಾರುಕಟ್ಟೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ.

"ಯಾವ ಕಿವಿ?"

ಅವರಿಗೆ ತುಟಿ ಕಂಡಿತು. "ಎಡದ್ದು ಪೂರ್ತಿ. ಬಲದ್ದು ಅರ್ಧ."

"ಎಡದ್ದೇ. ಮಣ್ಣು ಕಲೆಸೋ ಯಂತ್ರ ಇದ್ದ ಕಡೆ." ಅವರು ಜನರ ಕಡೆ ತಿರುಗಿದರು. "ಎಡಗಿವಿ ಹೋದೋರೆಲ್ಲ ಕೈ ಎತ್ರಪ್ಪ."

ಮೊದಲು ಹತ್ತು ಕೈಗಳು. ಆಮೇಲೆ ಅಲ್ಲಲ್ಲಿ ಪಕ್ಕದವರು ತಿವಿದು ಹೇಳಬೇಕಾಯಿತು, ಏಕೆಂದರೆ ನಿಜವಾಗಿ ಹೋದವರಿಗೆ ಆ ಪ್ರಶ್ನೆ ಕೇಳಿಸಿರಲಿಲ್ಲ. ತಿವಿಸಿಕೊಂಡವರು "ಏನಂತೆ?" ಎಂದು ಕೇಳಿ, ತಿಳಿದ ಮೇಲೆ ಕೈ ಎತ್ತಿದರು. ನಾನು ಎಣಿಸತೊಡಗಿದೆ, ಅಭ್ಯಾಸಬಲ. ನಲವತ್ತೊಂದಕ್ಕೆ ಲೆಕ್ಕ ತಪ್ಪಿತು. ಡಾಕ್ಟರರ ಮುಂದೆ ಕೂತು ಸ್ಪೀಕರು ಎಂದು ಹೇಳಿದ್ದು ನಾನು. ಯಂತ್ರದ ಪಕ್ಕದಲ್ಲಿ ಏಳು ವರ್ಷ ನಿಂತ ಗಂಡ ಅಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು, ನಾನು ಅವರನ್ನು ಕೇಳಲಿಲ್ಲ.

ಕಾರ್ಯಕ್ರಮ ಆಮೇಲೆ ಮುಂದುವರಿಯಲಿಲ್ಲ. ನನ್ನ ಗಂಡ ಇಟ್ಟಿಗೆಯ ಪೇರಿಯ ಮೇಲೆ ಕೂತರು. ಒಬ್ಬೊಬ್ಬರೇ ಬಂದು ಬಲಗಿವಿಯ ಹತ್ತಿರ ಕೂಗಿ ಮಾತಾಡಿಸಿದರು. ಒಬ್ಬ ತನ್ನ ಕಾಲಿನ ಹೆಬ್ಬೆರಳು ತೋರಿಸಿದ. ಐದು ಗಂಟೆಗೆ ಹೊರಟೆವು.

ವಿಷಯ ಮೂರು ದಿನದಲ್ಲಿ ಎಲ್ಲ ಕಡೆ ಹಬ್ಬಿತು. ಯಾರೋ ಫೋನಿನಲ್ಲಿ ವಿಡಿಯೊ ತೆಗೆದಿದ್ದರು. ಡೈರಿಯವರು ಮನೆಗೆ ಬಂದರು, ಕೂರಲಿಲ್ಲ.

"ನನಗಾದ್ರೂ ಹೇಳ್ಬೋದಿತ್ತು" ಎಂದರು. "ಹನ್ನೊಂದು ಕಡೆ ಬೇಡ ಅಂದಿದಾರೆ. ಉಳಿದೋರು ಯೋಚ್ನೆ ಮಾಡ್ತಿದಾರೆ. ಟಿವಿಯೋರು ಮಾತ್ರ ಬನ್ನಿ ಅಂತಿದಾರೆ, ಕಿವಿ ಬಗ್ಗೆ ಮಾತಾಡೋಕೆ. ಸ್ವಲ್ಪ ಕಣ್ಣೀರು ಬಂದ್ರೆ ಒಳ್ಳೇದು ಅಂದ್ರು."

"ಕಣ್ಣೀರಿಗೆ ಬೇರೆ ಡಾಕ್ಟ್ರು ಇದಾರೆ ಅಂತ ಹೇಳಿ" ಎಂದರು ನನ್ನ ಗಂಡ.

ನಾನು ಹೆದರಿದ್ದದ್ದು ಹೆಚ್ಚುಕಡಿಮೆ ನಿಜವಾಗಿತ್ತು. ಆದರೂ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಯಿತು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ, ಬಲಗಡೆ ನಿಂತು, ಇನ್ನೆರಡು ಗುರುತು ಸೇರಿಸೋಣ ಎಂದೆ. ಎಡಗೈ ಎತ್ತಿದರೆ ಯಾರೋ ಪ್ರಶ್ನೆ ಕೇಳಿದ್ದಾರೆಂದು. ಎರಡೂ ಎತ್ತಿದರೆ ನಿಲ್ಲಿಸಿ ಎಂದು. ಕಾಗದದಲ್ಲಿ ಬರೆದುಕೊಂಡಿದ್ದೆ.

ಅವರು ಕಾಗದ ಓದಿ ಮಡಚಿ ನನಗೇ ಕೊಟ್ಟರು. "ಬೇಡ. ಇನ್ಮೇಲೆ ಪೆನ್ನೂ ಬೇಡ."

"ಮತ್ತೆ ಹೆಂಗೆ ಗೊತ್ತಾಗುತ್ತೆ?"

"ಜನರ ಮುಖ ನೋಡ್ತೀನಿ. ಕನ್ನಡಕ ಹಾಕ್ತೀನಿ, ಸಭೆಯ ಲೈಟೆಲ್ಲ ಹಾಕ್ಸಿ ಅಂತೀನಿ."

"ಮುಖ ನೋಡಿ ನಗು ಯಾವಾಗ ನಿಲ್ತು ಅಂತ ಗೊತ್ತಾಗಲ್ಲ ರೀ. ಸುಮ್ನಾದ ಮೇಲೂ ಮುಖದಲ್ಲಿ ನಗು ಇರುತ್ತೆ. ಮಾತೆಲ್ಲ ಹಾಳಾಗುತ್ತೆ."

"ಆಗ್ಲಿ ಬಿಡು. ಮೂರು ವರ್ಷದಿಂದ ಅಷ್ಟೊಂದು ಜನ ಬಂದು ಕೂತ್ರು, ನಾನು ಒಬ್ಬಳನ್ನೇ ನೋಡ್ತಾ ನಿಂತಿದ್ದೆ. ಅವತ್ತು ದೊಡ್ಡಕ್ಕ ನಿನ್ನ ಪಕ್ಕದಲ್ಲೇ ಎದ್ದು ನಿಂತ್ರೂ ಕಾಣ್ಲಿಲ್ಲ."

ಆ ದಿನವಿಡೀ ನನಗೆ ಕೆಲಸ ಕಳೆದುಕೊಂಡವಳ ಹಾಗಾಯಿತು. ಸರಿಯಾಗಿ ಹೇಳಬೇಕೆಂದರೆ ಹಾಗೆ ಅನಿಸಿದ್ದಲ್ಲ, ಕೆಲಸವೇ ಹೋಗಿತ್ತು.

ಪ್ರವಾಸದಲ್ಲಿ ಉಳಿದ ಮೊದಲ ಊರಿನ ಸಭಾಂಗಣ ಚಿಕ್ಕದು, ಇನ್ನೂರು ಕುರ್ಚಿ. ಅರವತ್ತು ಖಾಲಿ ಇದ್ದವು. ಸಂಜೆ ಆರಕ್ಕೆ ಎಲ್ಲ ದೀಪಗಳೂ ಹತ್ತಿದ್ದವು, ಬ್ಯಾಂಕಿನೊಳಗೆ ಕೂತ ಹಾಗೆ. ಅಷ್ಟು ಬೆಳಕಿನಲ್ಲಿ ಜನರಿಗೆ ನಗಲು ನಾಚಿಕೆ. ನನ್ನ ಗಂಡ ಕನ್ನಡಕ ಹಾಕಿಕೊಂಡು ಬಂದರು. ಮೊದಲ ಮಾತು ಬದಲಾಗಿತ್ತು. ನನಗೆ ತೋರಿಸಿರಲಿಲ್ಲ.

"ನನಗೆ ಕಿವಿ ಕೇಳಲ್ಲ. ನೀವು ನಕ್ರೋ ಇಲ್ವೋ ನನಗೆ ಗೊತ್ತಾಗಲ್ಲ. ಮನೆಗೆ ಹೋಗಿ ಎಲ್ರೂ ನಕ್ರು ಅಂತ ಅಂದ್ಕೊಂಡು ಮಲ್ಗೋದು ನನಗೆ ಬಿಟ್ಟಿದ್ದು. ಇಂಥ ಅನುಕೂಲ ಬೇರೆ ಯಾವ ನಗೆಗಾರನಿಗೂ ಇಲ್ಲ."

ನಕ್ಕರು. ಆ ನಗು ಏರುತ್ತಿರುವಾಗಲೇ ಅವರು ಮುಂದಿನ ಮಾತು ಶುರು ಮಾಡಿ ಅದನ್ನು ಅರ್ಧಕ್ಕೇ ಮುರಿದರು. ಕುಕ್ಕರಿನ ಮಾತೂ ಹಾಗೇ ಹಾಳಾಯಿತು, ಹದಿನೈದು ವರ್ಷ ಒಮ್ಮೆಯೂ ಸೋಲದ ಮಾತು. ಇನ್ನೊಂದು ಕಡೆ ಜನ ಯಾವಾಗಲೋ ಸುಮ್ಮನಾಗಿದ್ದರು, ಇವರು ಇನ್ನೂ ಕಾಯುತ್ತ ನಿಂತಿದ್ದರು. ನನ್ನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎಡಗೈಯಿಂದ ಹಿಡಿದುಕೊಂಡು ಕೂತೆ.

ಮುಕ್ಕಾಲು ಗಂಟೆಯ ಹೊತ್ತಿಗೆ ಕೊನೆಯ ಸಾಲಿನಲ್ಲಿ ಯಾರದೋ ಬಾಯಿ ಆಡಿದ್ದು ಅವರಿಗೆ ಕಂಡಿತು.

"ನೀವೇನೋ ಅಂದ್ರಿ" ಎಂದರು. "ಎದ್ದು ನಿಂತು ಹೇಳಿ."

ಒಬ್ಬ ಹೆಂಗಸು, ಬಸ್ ಕಂಡಕ್ಟರಿನ ಖಾಕಿಯಲ್ಲಿದ್ದವಳು, ಎದ್ದು ಹೇಳಿದಳು. ಅವರಿಗೆ ಕೇಳಿಸಲಿಲ್ಲ. ಮೈಕನ್ನು ಕಂಬಕ್ಕೆ ಸಿಕ್ಕಿಸಿ, ವೇದಿಕೆ ಇಳಿದು, ಅಷ್ಟೂ ಸಾಲು ದಾಟಿ ಹಿಂದೆ ನಡೆದರು. ಇಡೀ ಸಭೆ ಕುತ್ತಿಗೆ ತಿರುಗಿಸಿ ಕಾಯಿತು. ಎಷ್ಟು ಹೊತ್ತು ಹಿಡಿಯಿತು ಅದು. ನಾನಾಗಿದ್ದರೆ ಇಷ್ಟು ಖಾಲಿ ಸಮಯವನ್ನು ಯಾವ ಕಾರ್ಯಕ್ರಮದಲ್ಲೂ ಬಿಡುತ್ತಿರಲಿಲ್ಲ. ಅವರು ಬಗ್ಗಿ ಬಲಗಿವಿ ಕೊಟ್ಟರು. ಅವಳು ಹೇಳಿದಳು. ಅವರು ತಲೆಯಾಡಿಸಿ, ಏನೋ ಕೇಳಿದರು. ಅವಳು ಮತ್ತೆ ಹೇಳಿದಳು. ಅವರು ನೆಟ್ಟಗೆ ನಿಂತು, ಅವಳಿಗೂ ಸುತ್ತ ಕೂತವರಿಗೂ ಮೈಕಿಲ್ಲದೆಯೇ ಏನೋ ಅಂದರು.

ಕೊನೆಯ ಸಾಲು ಸಿಡಿದ ಹಾಗೆ ನಕ್ಕಿತು. ಕಂಡಕ್ಟರು ಮುಂದಿನ ಕುರ್ಚಿ ಹಿಡಿದುಕೊಂಡಳು. ಮುಂದಿನ ಸಾಲಿನವರು ಹಿಂದೆ ತಿರುಗಿ ಕೇಳಿ ತಿಳಿದು ನಕ್ಕರು, ಅವರ ಮುಂದಿನವರು ಅವರನ್ನು ಕೇಳಿದರು. ನಗು ಒಂದೊಂದೇ ಸಾಲು ದಾಟಿ ನಮ್ಮ ಕಡೆಗೆ ಬರುತ್ತಿತ್ತು. ನನ್ನ ಗಂಡ ಅಲ್ಲೇ ನಿಂತು, ಅದು ಬರುವುದನ್ನು ಒಂದೊಂದು ಮುಖದಲ್ಲೂ ನೋಡುತ್ತಿದ್ದರು. ಅವಸರಪಡಲಿಲ್ಲ.

ನನಗೆ ಒಂದು ಪದವೂ ಕೇಳಿಸಿರಲಿಲ್ಲ. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಹಿಂದಿನವರ ಮಾತಿಗೆ ಕಿವಿಗೊಟ್ಟು ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ಅವಳ ತೋಳು ಮುಟ್ಟಿದೆ.

"ಏನಂದ್ರು?" ಎಂದು ಕೇಳಿದೆ.

"ತಡೀರಿ" ಎಂದಳು ಅವಳು. "ನಕ್ಕು ಮುಗಿಸಿ ಹೇಳ್ತೀನಿ."